ಕೇಳಿದವರು ಕೆರೆಗೆ ಏಕೆ ಬರಲಿಲ್ಲ?

ಪ್ರಶ್ನೆ: ಕೋಲಾರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಹನ್ನೊಂದು ವರ್ಷಗಳಿಂದ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದನ್ನು ನಡೆಸುತ್ತಿದ್ದೇನೆ. ಕೆರೆಗಳ ಪುನಶ್ಚೇತನ ನಮ್ಮ ಮುಖ್ಯ ಕೆಲಸ. ಕಳೆದ ವರ್ಷ ಪಾಡ್‌ಕಾಸ್ಟ್ ಆರಂಭಿಸಿದೆವು. ಇದುವರೆಗೆ 14 ಸಂಚಿಕೆಗಳು ಬಂದಿವೆ, ಒಂದೊಂದೂ ಸುಮಾರು 40 ನಿಮಿಷ. ಹೆಚ್ಚಿನವುಗಳಲ್ಲಿ ನಾನೇ ಮಾತನಾಡಿದ್ದೇನೆ, ಕೆಲವುಗಳಲ್ಲಿ ಜಲತಜ್ಞರನ್ನು ಕರೆಸಿದ್ದೇವೆ. ಒಂದರಲ್ಲಿ ಮಾತ್ರ ಹಳ್ಳಿಯ ಹಿರಿಯ ನೀರಗಂಟಿಯೊಬ್ಬರು, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವರು, ಮಾತನಾಡಿದ್ದಾರೆ. ಪ್ರತಿ ಸಂಚಿಕೆಗೆ ಅರವತ್ತು, ಎಪ್ಪತ್ತು ಕೇಳುಗರು. ಅವರಲ್ಲಿ ಬಹುಪಾಲು ಬೆಂಗಳೂರಿನ ಸ್ನೇಹಿತರು. ಕಳೆದ ತಿಂಗಳು ಪೋಷಕ ಕಾಲುವೆಯ ಶ್ರಮದಾನಕ್ಕೆ ಪಾಡ್‌ಕಾಸ್ಟಿನಲ್ಲಿ ಕರೆ ಕೊಟ್ಟೆವು. ನಮ್ಮ ಸಿಬ್ಬಂದಿಯನ್ನು ಬಿಟ್ಟರೆ ಬಂದವರು ನಾಲ್ವರು. ಪಾಡ್‌ಕಾಸ್ಟಿನಿಂದ ಊರಿನವರನ್ನು ಕೆಲಸಕ್ಕೆ ಎಬ್ಬಿಸಲು ನಿಜವಾಗಿ ಸಾಧ್ಯವೇ? ನಾವು ಸಮಯ ಹಾಳುಮಾಡುತ್ತಿದ್ದೇವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಾಲ್ವರು. ಅವರು ಯಾರು, ಯಾವ ಊರಿನವರು? ಸಂಚಿಕೆಯನ್ನು ತಾವೇ ಕೇಳಿ ಬಂದರೇ, ಯಾರಾದರೂ ಹೇಳಿದ್ದರಿಂದ ಬಂದರೇ? ಮೊದಲು ಅವರ ಮನೆಗಳಿಗೆ ಹೋಗಿ ಇದನ್ನು ಕೇಳಿಕೊಂಡು ಬನ್ನಿ. ಸಮುದಾಯ ರೇಡಿಯೊ ಮತ್ತು ಧ್ವನಿಮುದ್ರಣ ತರಬೇತಿಯಲ್ಲಿ ಇಪ್ಪತ್ತು ವರ್ಷ ಕಳೆದವಳಾಗಿ ನನಗನ್ನಿಸುವುದು ಇಷ್ಟು: ನಾಲ್ವರಲ್ಲಿ ಮೂವರ ಹಿಂದಾದರೂ ಒಬ್ಬ ಮನುಷ್ಯ ಇರುತ್ತಾನೆ. ಸ್ವಸಹಾಯ ಸಂಘದ ಪ್ರತಿನಿಧಿಯೋ, ಹಾಲಿನ ಡೇರಿಯ ಕಾರ್ಯದರ್ಶಿಯೋ, ಅಂಗನವಾಡಿ ಕಾರ್ಯಕರ್ತೆಯೋ ಸಂಚಿಕೆಯನ್ನು ಕೇಳಿ, ‘ಬನ್ನಿ, ಹೋಗಿಬರೋಣ’ ಎಂದು ಕರೆದಿರುತ್ತಾರೆ. ಆ ಕರೆದವರು ಯಾರೆಂದು ಗೊತ್ತಾದರೆ ನಿಮ್ಮ ಮುಂದಿನ ವರ್ಷದ ಕೆಲಸ ಎಲ್ಲಿಂದ ಆರಂಭವಾಗಬೇಕೆಂದು ಗೊತ್ತಾದಂತೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸಾಧ್ಯ. ಆದರೆ ಒಬ್ಬೊಬ್ಬರೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದ ಜನ ಒಟ್ಟಾಗಿ ಗುದ್ದಲಿ ಹಿಡಿದು ಬರುವುದಿಲ್ಲ. ಒಟ್ಟಿಗೆ ಕುಳಿತು ಕೇಳಿದವರು, ಕೇಳಿದ ಮೇಲೆ ಅಲ್ಲೇ ಅರ್ಧ ಗಂಟೆ ಮಾತನಾಡಿದವರು ಬರುತ್ತಾರೆ. ನೀವು ಸಂಚಿಕೆ ತಯಾರಿಸಲು ಎಷ್ಟು ದುಡಿಯುತ್ತೀರೋ ಅಷ್ಟನ್ನೇ ಅದನ್ನು ಕೂಡಿ ಕೇಳಿಸುವುದಕ್ಕೂ ದುಡಿಯಬೇಕು. ಈಗ ನಿಮ್ಮ ಶ್ರಮವೆಲ್ಲ ಮೊದಲ ಅರ್ಧಕ್ಕೇ ಖರ್ಚಾಗುತ್ತಿದೆ.

ಇದು ನನ್ನ ಊಹೆಯಲ್ಲ. 1956ರಲ್ಲಿ ಆಕಾಶವಾಣಿಯ ಪುಣೆ ಕೇಂದ್ರ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಅಂದಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಕೇಳುವ ಬಳಗಗಳನ್ನು ಕಟ್ಟಿದರು. ವಾರಕ್ಕೆ ಎರಡು ಸಲ, ಅರ್ಧ ಗಂಟೆಯ ಕಾರ್ಯಕ್ರಮ. ಹತ್ತು ವಾರಗಳಲ್ಲಿ ಇಪ್ಪತ್ತು ಕಾರ್ಯಕ್ರಮಗಳು. ರೇಡಿಯೊ ಮುಗಿದ ಮೇಲೆ ಬಳಗದವರು ಎದ್ದು ಹೋಗುತ್ತಿರಲಿಲ್ಲ, ಅಲ್ಲೇ ಕುಳಿತು ಚರ್ಚಿಸುತ್ತಿದ್ದರು. ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುತ್ತಿದ್ದರು, ಉತ್ತರ ಮುಂದಿನ ಕಾರ್ಯಕ್ರಮಗಳಲ್ಲಿ ಬರುತ್ತಿತ್ತು. ಕೊನೆಗೆ ಅಳೆದು ನೋಡಿದಾಗ, ಬಳಗವಿದ್ದ ಹಳ್ಳಿಗಳ ತಿಳಿವಳಿಕೆ ಬಹಳ ಹೆಚ್ಚಿತ್ತು. ರೇಡಿಯೊ ಇದ್ದು ಬಳಗವಿಲ್ಲದ ಹಳ್ಳಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಪೆಟ್ಟಿಗೆ ಎರಡೂ ಕಡೆ ಇತ್ತು, ಅದರ ಮುಂದೆ ಜನ ಹೇಗೆ ಕುಳಿತರು ಎಂಬುದರಲ್ಲಿತ್ತು ವ್ಯತ್ಯಾಸ. ಈ ಪದ್ಧತಿಯ ಮೂಲ ಕೆನಡಾದ್ದು. 1941ರಲ್ಲಿ ಅಲ್ಲಿ ಶುರುವಾದ ರೈತ ರೇಡಿಯೊ ಬಳಗಗಳ ಘೋಷವಾಕ್ಯ ‘ಓದು, ಕೇಳು, ಚರ್ಚಿಸು, ಮಾಡು’ ಎಂದಿತ್ತು. ನಿಮ್ಮ ಪಾಡ್‌ಕಾಸ್ಟ್ ‘ಕೇಳು’ ಎಂಬಲ್ಲಿಂದ ‘ಮಾಡು’ ಎಂಬಲ್ಲಿಗೆ ನೇರ ಹಾರಲು ನೋಡಿತು. ನಡುವಿನ ಮೆಟ್ಟಿಲು ಬಿಟ್ಟುಹೋಯಿತು.

ಹತ್ತಿರದ ಉದಾಹರಣೆ ನಿಮ್ಮ ಜಿಲ್ಲೆಯದೇ ಇದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ರೇಡಿಯೊದ ಹೆಸರನ್ನು ಕೇಳಿರುತ್ತೀರಿ. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ಬೆಂಬಲದಿಂದ ಅದನ್ನು ಕಟ್ಟಿದಾಗ ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೊ ಪರವಾನಗಿಯೇ ಇರಲಿಲ್ಲ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರಿನ ನೀತಿಯಿಂದ. ಬೂದಿಕೋಟೆಯವರು ಅಲ್ಲಿಯವರೆಗೆ ಕಾಯಲಿಲ್ಲ. ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಮಹಿಳಾ ಸಂಘಗಳ ಸಭೆಗಳಲ್ಲಿ ಕೇಳಿಸಿದರು, ಆಮೇಲೆ ಕೇಬಲ್ ಎಳೆದು ಮನೆಗಳಿಗೆ ಮುಟ್ಟಿಸಿದರು. ತರಂಗವಿಲ್ಲದ ಆ ರೇಡಿಯೊ ಇಂದಿನ ಮಾತಿನಲ್ಲಿ ಪಾಡ್‌ಕಾಸ್ಟೇ. ಅದರ ಬಲ ಮಾತ್ರ ಸಂಘದ ವಾರದ ಸಭೆಯಲ್ಲಿತ್ತು. ಉಳಿತಾಯದ ಲೆಕ್ಕಕ್ಕೆಂದು ಹೇಗೂ ಸೇರಿದ ಹೆಂಗಸರು, ಚಾಪೆ ಮೇಲೆ ಕುಳಿತವರು, ಕಾರ್ಯಕ್ರಮ ಕೇಳಿದರು. ನೀವು ಹೊಸದಾಗಿ ಜನರನ್ನು ಸೇರಿಸಬೇಕಾಗಿಲ್ಲ. ಈಗಾಗಲೇ ಸೇರುವ ಕಡೆಗೆ ಧ್ವನಿಯನ್ನು ತೆಗೆದುಕೊಂಡು ಹೋಗಬೇಕು.

ಕೋಲಾರದಲ್ಲಿ ಅಂಥ ಜಾಗ ಬೇಕಾದಷ್ಟಿದೆ. ಸಂಘದ ಸಭೆ ಒಂದು. ಹಾಲಿನ ಡೇರಿ ಇನ್ನೊಂದು. ಬೆಳಿಗ್ಗೆ, ಸಂಜೆ, ದಿನಕ್ಕೆರಡು ಸಲ ಊರಿನ ಪ್ರತಿ ಹಸುವಿನ ಮನೆಯವರು ಕ್ಯಾನು ಹಿಡಿದು ಅಲ್ಲಿಗೆ ಬಂದೇ ಬರುತ್ತಾರೆ. ಆದರೆ ಎರಡನ್ನೂ ಒಂದೇ ರೀತಿ ಬಳಸಬೇಡಿ. ಡೇರಿಯಲ್ಲಿ ಕ್ಯಾನುಗಳ ಸದ್ದು, ತೂಕ, ಫ್ಯಾಟ್ ಪರೀಕ್ಷೆಯ ಯಂತ್ರ, ಮನೆಗೆ ಹೋಗುವ ಅವಸರ. ಅಲ್ಲಿ ಮೂರು ನಿಮಿಷಕ್ಕಿಂತ ಉದ್ದದ್ದು ನಿಲ್ಲುವುದಿಲ್ಲ. ಒಬ್ಬರ ಒಂದು ಮಾತು, ‘ಪೂರ್ತಿ ಕೇಳಬೇಕೆಂದರೆ ಶುಕ್ರವಾರ ರಾತ್ರಿ ಎಂಟಕ್ಕೆ ದೇವಸ್ಥಾನದ ಜಗಲಿಗೆ ಬನ್ನಿ’ ಎಂಬ ಒಂದು ಸಾಲು, ಅಷ್ಟೇ ಸಾಕು. ಜಗಲಿಯಲ್ಲಿ ಹತ್ತು ನಿಮಿಷದ ಸಂಚಿಕೆ, ಅರ್ಧ ಗಂಟೆಯ ಮಾತು. ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಇದ್ದರೆ ಇಪ್ಪತ್ತೈದು ಜನರಿಗೆ ಸಾಲುತ್ತದೆ. ಮೈಕ್‌ಸೆಟ್ ಬೇಡವೇ ಬೇಡ. ಮೈಕ್‌ಸೆಟ್ ಇಟ್ಟ ಕೂಡಲೇ ಅದು ಸಮಾರಂಭವಾಗುತ್ತದೆ, ಯಾರೋ ಭಾಷಣಕ್ಕೆ ನಿಲ್ಲುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ.

ಇನ್ನು ಯಾರ ಧ್ವನಿ ಎಂಬ ವಿಷಯ. ನಿಮ್ಮ ಮನಸ್ಸಿಗೆ ನೋವಾದೀತೆಂದು ಗೊತ್ತಿದ್ದೂ ಹೇಳುತ್ತೇನೆ: ಸಂಸ್ಥೆಯ ಮುಖ್ಯಸ್ಥರು ಪಾಡ್‌ಕಾಸ್ಟಿನಲ್ಲಿ ಕಡಿಮೆ ಮಾತನಾಡಬೇಕು. ಹನ್ನೊಂದು ವರ್ಷ ಕೆಲಸ ಮಾಡಿದ ನಿಮ್ಮಲ್ಲಿ ಹೇಳುವುದು ಬಹಳವಿರುತ್ತದೆ, ಅದು ನಿಜ. ಆದರೆ ಊರಿನವರ ಕಿವಿಗೆ ನೀವು ‘ಸಂಸ್ಥೆಯ ಮೇಡಂ’. ಮೇಡಂ ಕೆರೆಯ ಬಗ್ಗೆ ಮಾತನಾಡಿದರೆ ಕೆರೆ ಮೇಡಂ ಅವರ ಕೆಲಸವಾಗುತ್ತದೆ. ಊರಿನ ನೀರಗಂಟಿ ಮಾತನಾಡಿದರೆ ಅದು ಊರಿನ ಕೆರೆಯಾಗುತ್ತದೆ. ನಿಮ್ಮ ಪಾಲು ಪ್ರಶ್ನೆ ಕೇಳುವುದು, ಆಮೇಲೆ ತಾಳ್ಮೆಯಿಂದ ಸುಮ್ಮನಿರುವುದು.

ನೀರಗಂಟಿಯ ಸಂಚಿಕೆಯ ವಿಷಯ ಬರೆದಿದ್ದೀರಲ್ಲ, ಅದೇ ನಿಮ್ಮ ಬಂಡವಾಳ. ನಾನು ಒಮ್ಮೆ ಅಂಥ ಹಿರಿಯರೊಬ್ಬರನ್ನು ಮುದ್ರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮನೆಯೊಳಗೆ ಕುರ್ಚಿ ಹಾಕಿ ಕೂರಿಸಿ ‘ಹಿಂದೆ ಕೆರೆ ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂದರು, ಅಷ್ಟೇ. ಅವರನ್ನು ಏರಿಯ ಮೇಲೆ ಕರೆದುಕೊಂಡು ಹೋದೆವು. ಕೆರೆಯ ನೀರು ಬಿಡುವ ತೂಬಿನ ಹತ್ತಿರ ಬಂದದ್ದೇ ಬಗ್ಗಿ, ಕಲ್ಲಿನ ಕಂಬದ ಮೇಲೆ ಅಂಗೈ ಇಟ್ಟರು. ‘ಇಲ್ಲಿಗೆ ನೀರು ಬಂದರೆ ಎಲ್ಲರಿಗೂ ಭತ್ತ. ಇಲ್ಲಿಗೆ ಇಳಿದರೆ ರಾಗಿ. ಇದಕ್ಕಿಂತ ಕೆಳಗಾದರೆ ದನಕರುಗಳಿಗೆ ಮಾತ್ರ, ತೂಬು ಎತ್ತುವ ಹಾಗಿಲ್ಲ’ ಎಂದು ಕಲ್ಲಿನ ಮೇಲೆ ಬೆರಳಿಟ್ಟು ತೋರಿಸುತ್ತಾ ಹೋದರು. ಆ ಮೂರು ಗುರುತುಗಳ ಮಾತು ಒಂದೂವರೆ ನಿಮಿಷವೂ ಇರಲಿಲ್ಲ. ಹಳ್ಳಿಯಲ್ಲಿ ಅದನ್ನು ಕೇಳಿಸಿದಾಗ ಹುಡುಗರು ಬ್ಯಾಟರಿ ಹಿಡಿದು ರಾತ್ರಿಯೇ ಆ ಕಲ್ಲನ್ನು ನೋಡಲು ಹೋದರು. ಹೂಳಿನಲ್ಲಿ ಕೆಳಗಿನ ಎರಡು ಗುರುತುಗಳು ಮುಚ್ಚಿಹೋಗಿದ್ದವು. ಮರುದಿನ ಅವರಿಗೆ ಕೆರೆಯ ಹೂಳಿನ ಬಗ್ಗೆ ನಾವು ಏನನ್ನೂ ವಿವರಿಸಬೇಕಾಗಲಿಲ್ಲ.

ಆದ್ದರಿಂದ ಮಾತನಾಡುವವರನ್ನು ಅವರ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ ಮುದ್ರಿಸಿ. ಮೊಬೈಲ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಗಾಳಿ ಹೆಚ್ಚಿದ್ದರೆ ಮಾತನಾಡುವವರ ಬೆನ್ನು ಗಾಳಿಯ ಕಡೆಗಿರಲಿ. ಮಾತು ಮುಗಿದ ಮೇಲೆ ಅಲ್ಲಿಯ ಬರಿಯ ಸದ್ದನ್ನು ಅರ್ಧ ನಿಮಿಷ ಮುದ್ರಿಸಿಕೊಂಡರೆ ಜೋಡಿಸುವಾಗ ಕೈಹಿಡಿಯುತ್ತದೆ. ಒಳಗೆ ಮುದ್ರಿಸುವುದಾದರೆ ಶೀಟಿನ ಮನೆ ಬೇಡ. ಹಾಸಿಗೆ, ಕಂಬಳಿ, ಬಟ್ಟೆಯ ಗಂಟು ಇರುವ ಕೋಣೆ ಅತ್ಯುತ್ತಮ. ಜೋಡಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶವಿದೆ. ಉಪಕರಣದ ಬಗ್ಗೆ ಇದಕ್ಕಿಂತ ಹೆಚ್ಚು ಯೋಚಿಸಬೇಡಿ.

ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು ಮಾತನಾಡುವವರು ಬಹಳ. ಮುದ್ರಣ ಎಂದ ಕೂಡಲೇ ಅವರು ತಡವರಿಸುತ್ತಾ ಪುಸ್ತಕದ ಕನ್ನಡಕ್ಕೆ ಬರುತ್ತಾರೆ, ಮಾತಿನ ಜೀವ ಅಲ್ಲೇ ಹೋಗುತ್ತದೆ. ಅವರು ತೆಲುಗಿನಲ್ಲೇ ಹೇಳಲಿ. ನೀವು ಕನ್ನಡದಲ್ಲಿ ಪ್ರಶ್ನೆ ಕೇಳಿ, ಅವರು ತೆಲುಗಿನಲ್ಲಿ ಉತ್ತರಿಸಲಿ. ನಿಮ್ಮ ಸಂತೆಯಲ್ಲಿ ದಿನವೂ ನಡೆಯುವುದು ಅದೇ ಅಲ್ಲವೇ? ಬೆಂಗಳೂರಿನ ಸ್ನೇಹಿತರಿಗೆ ಅರ್ಥವಾಗದಿದ್ದರೆ ಚಿಂತೆಯಿಲ್ಲ.

ಕರೆ ಕೊಡುವ ರೀತಿಯನ್ನು ನೋಡೋಣ. ‘ಬನ್ನಿ, ಕೆರೆ ಉಳಿಸೋಣ’ ಎಂದು ನೀವು ಹೇಳಿರಬಹುದು. ಅದಕ್ಕೆ ಯಾರೂ ಇಲ್ಲವೆನ್ನುವುದಿಲ್ಲ, ಯಾರೂ ಬರುವುದೂ ಇಲ್ಲ. ಛತ್ತೀಸಗಢದ ಸಿಜಿನೆಟ್ ಸ್ವರ ಈ ವಿಷಯದಲ್ಲಿ ನಮಗೆಲ್ಲ ಗುರು. ಪತ್ರಕರ್ತ ಶುಭ್ರಾಂಶು ಚೌಧರಿ 2010ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಆದಿವಾಸಿ ಹಳ್ಳಿಯವರು ಸಾಮಾನ್ಯ ಫೋನಿನಿಂದಲೇ ಕರೆ ಮಾಡಿ ತಮ್ಮ ಊರಿನ ಸಮಸ್ಯೆಯನ್ನು ತಮ್ಮ ಭಾಷೆಯಲ್ಲೇ ಮುದ್ರಿಸುತ್ತಾರೆ. ಹ್ಯಾಂಡ್‌ಪಂಪ್ ಕೆಟ್ಟಿದೆ, ಪಡಿತರ ಬಂದಿಲ್ಲ, ಕೂಲಿ ಸಿಕ್ಕಿಲ್ಲ. ಕೊನೆಯಲ್ಲಿ ಸಂಬಂಧಪಟ್ಟ ಅಧಿಕಾರಿಯ ಕಚೇರಿಯ ಸಂಖ್ಯೆಯನ್ನು ಹೇಳಿ, ಕೇಳಿದವರೆಲ್ಲ ಫೋನ್ ಮಾಡಿ ವಿಚಾರಿಸಬೇಕೆಂದು ಕೋರುತ್ತಾರೆ. ಕೆಲಸವಾದರೆ ಅದೇ ವ್ಯಕ್ತಿ ಮತ್ತೆ ಕರೆ ಮಾಡಿ ‘ಆಯಿತು’ ಎಂದು ಮುದ್ರಿಸುತ್ತಾರೆ. ಕೇಳುಗನಿಗೆ ಕೊಟ್ಟದ್ದು ಒಂದೇ ಒಂದು ಕೆಲಸ, ಎರಡು ನಿಮಿಷದ್ದು. ಅದರ ಫಲವೂ ಅವನ ಕಿವಿಗೇ ಮರಳಿ ಬರುತ್ತದೆ. ಈ ಮರಳಿ ಬರುವ ಸುದ್ದಿಯನ್ನು ಸಂಸ್ಥೆಗಳು ಮರೆಯುತ್ತವೆ. ಕರೆಯ ಸಂಚಿಕೆಗೆ ತಿಂಗಳು ದುಡಿಯುತ್ತಾರೆ, ಏನಾಯಿತು ಎಂಬ ಸಂಚಿಕೆಯನ್ನು ಮಾಡುವುದೇ ಇಲ್ಲ. ಬಂದ ಆ ನಾಲ್ವರ ಧ್ವನಿಯನ್ನು ನೀವು ಮುದ್ರಿಸಿದ್ದೀರಾ? ಎಷ್ಟು ಅಡಿ ಕಾಲುವೆ ತೆರವಾಯಿತು, ಬಳ್ಳಾರಿ ಜಾಲಿಯ ಮುಳ್ಳು ಯಾರ ಕಾಲಿಗೆ ಚುಚ್ಚಿತು, ಮಧ್ಯಾಹ್ನ ಯಾರ ಮನೆಯಿಂದ ಮುದ್ದೆ ಸಾರು ಬಂತು ಎಂದು ಅವರೇ ಹೇಳಿದರೆ ಮುಂದಿನ ಸಲ ನಾಲ್ವರು ಹದಿನೈದು ಮಂದಿಯಾಗಲು ದಾರಿಯಾಗುತ್ತದೆ.

ನಿಮ್ಮ ಕರೆಯೂ ಹಾಗೆ ಸಣ್ಣದಾಗಿ, ಜಾಗ ಮತ್ತು ದಿನದ ಸಮೇತ ಇರಲಿ: ‘ಭಾನುವಾರ ಬೆಳಿಗ್ಗೆ ಏಳರಿಂದ ಹತ್ತು, ಕೋಡಿಯಿಂದ ಹುಣಸೆಮರದವರೆಗೆ, ಮನೆಗೊಬ್ಬರು, ಮಚ್ಚು ತನ್ನಿ.’ ಕರೆಯುವ ಮೊದಲು ಆ ಕೆರೆ ಯಾರ ಸುಪರ್ದಿನಲ್ಲಿದೆ ಎಂದು ನೋಡಿಕೊಳ್ಳಿ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ, ಅಂದರೆ ನೀರುಣ್ಣುವ ಜಮೀನಿನ, ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತವೆ. ಅದಕ್ಕಿಂತ ಮೇಲೆ 2000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದು. ಇದನ್ನು ತಪ್ಪಿ ಬೇರೆ ಕಚೇರಿಯ ಬಾಗಿಲಿಗೆ ಜನರನ್ನು ಕಳಿಸಿದರೆ, ‘ನಮ್ಮದಲ್ಲ’ ಎಂಬ ಒಂದು ಮಾತಿನಿಂದ ಅವರ ಉತ್ಸಾಹ ಇಳಿದುಹೋಗುತ್ತದೆ. ಮತ್ತೆ ಎಬ್ಬಿಸುವುದು ಬಹಳ ಕಷ್ಟ.

ಗುದ್ದಲಿಯಿಂದ ಆಗದ ಕೆಲಸಗಳೂ ಇವೆ. ಕಾಲುವೆಯ ಒತ್ತುವರಿ ತೆರವಿಗೆ ಶ್ರಮದಾನ ಸಾಲದು, ಅದಕ್ಕೆ ಗ್ರಾಮಸಭೆಯ ನಿರ್ಣಯ ಬೇಕು. 1993ರ ನಮ್ಮ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಸಭೆಯ ದಿನ ಗೊತ್ತಾದ ಕೂಡಲೇ ಹಿಂದಿನ ಎರಡು ವಾರಗಳಲ್ಲಿ ಎರಡು ಸಂಚಿಕೆ ಮಾಡಿ. ಒಂದರಲ್ಲಿ ಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು ಎಂಬುದನ್ನು ಇಬ್ಬರು ಮೂವರು ಹಿರಿಯರ ಬಾಯಲ್ಲಿ ಹೇಳಿಸಿ. ಇನ್ನೊಂದರಲ್ಲಿ ಸಭೆಯಲ್ಲಿ ಏನು ಕೇಳಬೇಕು, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಓದಿಸಿಕೊಳ್ಳುವುದು ಹೇಗೆ ಎಂಬುದು ಇರಲಿ. ಒತ್ತುವರಿ ಮಾಡಿದವರ ಹೆಸರು ಮಾತ್ರ ಎಲ್ಲಿಯೂ ಬೇಡ. ಊರಿನ ಒಳಗೆ ಕೇಳುವ ಧ್ವನಿ ಅದು. ಆ ಮನೆಯವರೂ ಜಗಲಿಯ ಮೇಲೆ ಕುಳಿತಿರುತ್ತಾರೆ, ನಾಳೆ ಅವರೂ ಬರಬೇಕು.

ಈ ಎಚ್ಚರಿಕೆಯನ್ನು ನಾನು ಕಲಿತದ್ದು ನೋವಿನಿಂದ. ಬಹಳ ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ನಲ್ಲಿ ನೀರು ಸರಿಯಾಗಿ ಬಿಡುತ್ತಿಲ್ಲವೆಂದು ಹೆಂಗಸೊಬ್ಬರು ಹೇಳಿದ್ದನ್ನು ಮುದ್ರಿಸಿ, ಇಡೀ ಊರಿಗೆ ಕೇಳಿಸಿದೆವು. ಮುದ್ರಿಸುವ ಮೊದಲು ಅವರ ಒಪ್ಪಿಗೆ ಕೇಳಿದ್ದೆವು, ಅವರು ತಲೆಯಾಡಿಸಿದ್ದರು. ಮುಂದಿನ ವಾರ ಅವರ ಬೀದಿಗೆ ನೀರೇ ಬರಲಿಲ್ಲ. ನೆರೆಹೊರೆಯವರು ನಮ್ಮ ಮೇಲಲ್ಲ, ಆಕೆಯ ಮೇಲೆ ಸಿಟ್ಟಾದರು. ಆಮೇಲೆ ನಾನು ಆಕೆಯ ಮನೆಗೆ ಹೋದಾಗ ಆಕೆ ಬಾಗಿಲಲ್ಲೇ ನಿಂತು, ‘ನೀವು ಊರು ಬಿಟ್ಟು ಹೋಗುತ್ತೀರಿ ಅಮ್ಮ, ನಾನು ಇಲ್ಲೇ ಇರಬೇಕು’ ಎಂದರು. ಅಂದಿನಿಂದ ನಾನು ಒಪ್ಪಿಗೆಯನ್ನು ಎರಡು ಸಲ ಕೇಳುತ್ತೇನೆ, ಮುದ್ರಿಸುವ ಮೊದಲೊಮ್ಮೆ, ಜೋಡಿಸಿದ್ದನ್ನು ಅವರಿಗೇ ಕೇಳಿಸಿದ ಮೇಲೆ ಮತ್ತೊಮ್ಮೆ. ಎರಡನೆಯ ಸಲ ಬೇಡವೆಂದರೆ ಅಳಿಸುತ್ತೇನೆ, ಕಾರಣ ಕೇಳುವುದಿಲ್ಲ. ದೂರು ಹೇಳಬೇಕಾದಲ್ಲಿ ಒಬ್ಬರನ್ನು ಮುಂದೆ ನಿಲ್ಲಿಸದೆ ಏಳೆಂಟು ಜನರ ಧ್ವನಿಯನ್ನು ಒಟ್ಟಿಗೆ ಕೇಳಿಸುತ್ತೇನೆ.

ನಿಮ್ಮ ಸಂಸ್ಥೆಗೆ ವಿದೇಶಿ ದೇಣಿಗೆ ಬರುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 3ನೇ ಕಲಂ, ವಿದ್ಯುನ್ಮಾನ ಮಾಧ್ಯಮದಲ್ಲಿ ಧ್ವನಿ ಸುದ್ದಿ ಅಥವಾ ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ತಯಾರಿಸುವ ಸಂಘ ಸಂಸ್ಥೆಗಳು ಅಂಥ ದೇಣಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಕೆರೆಯ ಅನುಭವ, ಕೃಷಿಯ ತಿಳಿವಳಿಕೆ ಬೇರೆ, ಸುದ್ದಿ ವಿಶ್ಲೇಷಣೆ ಬೇರೆ. ಈ ಗೆರೆ ನಿಮ್ಮ ಸಂಚಿಕೆಗಳಲ್ಲಿ ಎಲ್ಲಿ ಬೀಳುತ್ತದೆ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರ ಜೊತೆಗೂ ಕಾಯ್ದೆ ಬಲ್ಲ ವಕೀಲರ ಜೊತೆಗೂ ಕುಳಿತು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಪಾಡ್‌ಕಾಸ್ಟಿಗೆ ರೇಡಿಯೊದಂತೆ ಪರವಾನಗಿ ಬೇಕಿಲ್ಲ ಎಂಬ ಧೈರ್ಯದಲ್ಲಿ ಇದನ್ನು ಮರೆತವರನ್ನು ನೋಡಿದ್ದೇನೆ.

ಹಂಚುವುದು ಸುಲಭದ ಭಾಗ. ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಇರಲಿ, ದೂರದವರಿಗೆ ಬೇಕು. ಊರಿಗೆ ವಾಟ್ಸ್‌ಆ್ಯಪ್. ಮಾತಿನ ಸಂಚಿಕೆಯ ಕಡತವನ್ನು ಮೋನೊದಲ್ಲಿ (ಒಂದೇ ಧ್ವನಿವಾಹಿನಿಯಲ್ಲಿ), ಸೆಕೆಂಡಿಗೆ 64 ಕಿಲೊಬಿಟ್‌ಗೆ (ಕೆಬಿಪಿಎಸ್) ಇಳಿಸಿದರೆ ಹತ್ತು ನಿಮಿಷಕ್ಕೆ ಐದು ಎಂಬಿಯೂ ಆಗುವುದಿಲ್ಲ, ಯಾರ ಡೇಟಾಕ್ಕೂ ಭಾರವಲ್ಲ. ಒಂದೇ ಸಲ ಹಲವರಿಗೆ ಕಳಿಸುವ ಅದರ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಮಿತಿ ಇದೆ, ಮತ್ತು ನಿಮ್ಮ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಸಭೆಗೆ ಹೋದಾಗ ಸಂಖ್ಯೆ ಉಳಿಸಿಕೊಳ್ಳುವಂತೆ ಎದುರಿಗೇ ಹೇಳಿ.

ಕೇಳುಗರ ಸಂಖ್ಯೆಯನ್ನು ಒಂದು ವರ್ಷ ನೋಡಲೇಬೇಡಿ. ಅದರ ಬದಲು ಒಂದು ಉದ್ದನೆಯ ನೋಟ್‌ಬುಕ್ ಇಡಿ. ಯಾವ ಊರು, ಯಾವ ದಿನ, ಎಷ್ಟು ಜನ ಕುಳಿತು ಕೇಳಿದರು, ಯಾರು ಏನು ಪ್ರಶ್ನೆ ಕೇಳಿದರು, ಏನು ಮಾಡೋಣವೆಂದರು, ಏನು ಮಾಡಿದರು. ಕೊನೆಯ ಎರಡು ಅಂಕಣಗಳ ನಡುವಿನ ಅಂತರವೇ ನಿಮ್ಮ ನಿಜವಾದ ಲೆಕ್ಕ. ಕೇಳಿದ ಪ್ರಶ್ನೆಗಳ ಅಂಕಣದಿಂದ ನಿಮ್ಮ ಮುಂದಿನ ಸಂಚಿಕೆಗಳು ತಾವಾಗಿ ಹುಟ್ಟುತ್ತವೆ, ವಿಷಯ ಹುಡುಕುತ್ತಾ ಕೂರಬೇಕಾಗುವುದಿಲ್ಲ.

ಈಗ ತಕ್ಷಣ ಏನು ಮಾಡಬಹುದೆಂದರೆ, ಹೊಸ ಸಂಚಿಕೆಯನ್ನು ಎರಡು ತಿಂಗಳು ನಿಲ್ಲಿಸಿ. ನೀರಗಂಟಿಯ 40 ನಿಮಿಷವನ್ನು ಎಂಟು ನಿಮಿಷಕ್ಕೆ ಇಳಿಸಿ. ನಿಮ್ಮ ಪ್ರಶ್ನೆಗಳನ್ನೆಲ್ಲ ತೆಗೆದರೂ ಅದು ನಿಲ್ಲುತ್ತದೆ ಎಂದು ನನ್ನ ನಂಬಿಕೆ. ಮೊದಲು ಅವರಿಗೇ ಕೇಳಿಸಿ, ಒಪ್ಪಿಗೆ ಪಡೆಯಿರಿ. ಆಮೇಲೆ ಆ ಕೆರೆಯ ನೀರು ಕುಡಿಯುವ ಮೂರು ಊರುಗಳಿಗೆ, ಆ ನಾಲ್ವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಒಂದೊಂದು ರಾತ್ರಿ ಒಂದೊಂದು ಜಗಲಿಯ ಮೇಲೆ ಕೇಳಿಸಿ. ಸಾಧ್ಯವಾದರೆ ಆ ಹಿರಿಯರನ್ನೂ ಕೂರಿಸಿಕೊಳ್ಳಿ, ಅವರಿಗೊಂದು ಒರಗು ದಿಂಬು ಇರಲಿ. ಮುಂಗಾರಿಗೆ ಮುನ್ನ, ಮೇ ತಿಂಗಳ ಒಳಗೆ ಇದನ್ನು ಮುಗಿಸಿ. ಕಾಲುವೆಯಲ್ಲಿ ನೀರು ಬಂದ ಮೇಲೆ ಜಾಲಿ ಕಡಿಯಲಾಗುವುದಿಲ್ಲ.